ಪಿಜಿ, ಪಿಎಚ್‌ಡಿ ಓದಿಗೆ ಹಣ ಹೊಂದಿಸುವುದು ಹೇಗೆ? ಅಡ್ಮಿಷನ್‌ಗೆ ಮೊದಲೇ ಶುರು ಮಾಡಬೇಕಾದ ಕೆಲಸಗಳು

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬಹಳ ಮನೆಗಳಲ್ಲಿ ಒಂದು ಮಾತು ಬರುತ್ತದೆ. "ಓದಿದ್ದು ಸಾಕಲ್ವಾ? ಇನ್ನು ಕೆಲಸ ನೋಡು." ಅಪ್ಪ ಅಮ್ಮನಿಗೆ ಓದಿಸುವ ಮನಸ್ಸಿಲ್ಲ ಅಂತಲ್ಲ. ಇನ್ನೂ ಎರಡು ವರ್ಷದ ಫೀಸು, ಹಾಸ್ಟೆಲ್, ಊಟ ಎಲ್ಲಿಂದ ತರುವುದು ಎಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಆ ಲೆಕ್ಕಕ್ಕೆ ಉತ್ತರ ನಿಮ್ಮ ಕೈಯಲ್ಲಿದ್ದರೆ ಮಾತುಕತೆಯೇ ಬೇರೆ ಥರ ಆಗುತ್ತದೆ.

ನಾನು ಎಂ.ಎ. ಓದಿದವನು. ಆಮೇಲೆ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರ ಜೊತೆ ಕೂತು ಅರ್ಜಿ ತುಂಬಿಸಿದ್ದೇನೆ. ಹಣ ಕೈತಪ್ಪಿದ್ದು ಅಂಕ ಕಡಿಮೆ ಇದ್ದಿದ್ದಕ್ಕೆ ಎನ್ನುವುದು ಅಪರೂಪ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ, ಹಳೆಯ ಆದಾಯ ಪ್ರಮಾಣಪತ್ರ, ತಪ್ಪು ಬ್ಯಾಂಕ್ ಖಾತೆ, ಮುಗಿದುಹೋದ ಕೊನೆಯ ದಿನ. ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಇಲ್ಲಿ ಯೋಜನೆಗಳ ಹೆಸರಿನಷ್ಟೇ ಜಾಗವನ್ನು ಕಾಗದಪತ್ರಕ್ಕೂ ಕೊಟ್ಟಿದ್ದೇನೆ. ಕರ್ನಾಟಕದಲ್ಲಿ ಎಂ.ಎ., ಎಂ.ಎಸ್ಸಿ., ಎಂ.ಕಾಂ., ಎಂ.ಟೆಕ್., ಪಿಎಚ್‌ಡಿ ಓದಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಹೆಜ್ಜೆ 1: ಖರ್ಚನ್ನು ಎರಡು ಸಾಲಿನಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಅಡ್ಮಿಷನ್ ದಿನವೇ ಕಟ್ಟಬೇಕಾದ ಹಣ ಬರೆಯಿರಿ: ಫೀಸು, ಹಾಸ್ಟೆಲ್ ಠೇವಣಿ, ಪುಸ್ತಕ, ಲ್ಯಾಪ್‌ಟಾಪ್ ಬೇಕಿದ್ದರೆ ಅದು. ಬಲಕ್ಕೆ ಪ್ರತಿ ತಿಂಗಳ ಖರ್ಚು: ಮೆಸ್ ಬಿಲ್ಲು, ಬಸ್ಸು, ಮೊಬೈಲ್, ಜೆರಾಕ್ಸ್, ಊರಿಗೆ ಹೋಗಿಬರುವ ಚಾರ್ಜು.

ಹೀಗೆ ಎರಡು ಸಾಲು ಯಾಕೆ? ಸರ್ಕಾರದ ವಿದ್ಯಾರ್ಥಿವೇತನ ಅಡ್ಮಿಷನ್ ದಿನ ಬರುವುದಿಲ್ಲ. ಅರ್ಜಿ, ಪರಿಶೀಲನೆ, ಮಂಜೂರು ಎಲ್ಲ ಮುಗಿದು ಹಣ ಬರುವಾಗ ಎಷ್ಟೋ ಸಲ ಒಂದು ಸೆಮಿಸ್ಟರ್ ಕಳೆದಿರುತ್ತದೆ. ಎಡಗಡೆಯ ಹಣವನ್ನು ನೀವೇ ಮೊದಲು ಹೊಂದಿಸಬೇಕು. ಬಲಗಡೆಯ ಖರ್ಚಿಗೆ ಸ್ಕಾಲರ್‌ಶಿಪ್ ನೆರವಾಗುತ್ತದೆ. ಇದನ್ನು ತಿಳಿಯದೆ "ಸ್ಕಾಲರ್‌ಶಿಪ್ ಬರುತ್ತೆ, ಅದರಲ್ಲೇ ಫೀಸು ಕಟ್ಟೋಣ" ಎಂದುಕೊಂಡವರು ಆಗಸ್ಟ್ ತಿಂಗಳಲ್ಲಿ ಕೈಸಾಲಕ್ಕೆ ಓಡಾಡುತ್ತಾರೆ.

ಎಡಗಡೆಯ ಮೊತ್ತ ಕೈಗೆಟುಕದಿದ್ದರೆ ಅಡ್ಮಿಷನ್‌ಗೆ ಮೊದಲೇ ಕಾಲೇಜಿಗೆ ಒಂದು ಪತ್ರ ಬರೆದು ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿ. ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಹೆಜ್ಜೆ 2: ಕಾಗದಪತ್ರ ಮತ್ತು ಬ್ಯಾಂಕ್ ಖಾತೆ ಸರಿಮಾಡಿಕೊಳ್ಳಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಪದವಿಯ ಕೊನೆಯ ವರ್ಷದಲ್ಲಿ, ಪರೀಕ್ಷೆಯ ಓಡಾಟ ಶುರುವಾಗುವ ಮೊದಲೇ ಇದನ್ನು ಮುಗಿಸಿ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ "ಎ" ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಮಂಜುನಾಥ, ಮಲ್ಲಿಕಾರ್ಜುನ, ಸುಜಾತ ಎಂಬ ಹೆಸರಿನವರೆಲ್ಲ ಇದನ್ನು ನೋಡಲೇಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಇರುವುದೂ ಉಂಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ಮತ್ತು ಪಾಸ್‌ಬುಕ್ ತಿದ್ದಿಸಿ. ಇವೆರಡನ್ನು ತಿದ್ದಿಸುವುದು ಸುಲಭ, ಅಂಕಪಟ್ಟಿ ತಿದ್ದಿಸುವುದು ಕಷ್ಟ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದ ಮೇಲೆ "ಆರ್‌ಡಿ" ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಆ ಸಂಖ್ಯೆಯನ್ನೇ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಪಿಜಿಗೆ ಬರುವ ಹೊತ್ತಿಗೆ ಸರಿಯಾಗಿ ಮುಗಿದುಹೋಗಿರುತ್ತದೆ! ದಿನಾಂಕ ನೋಡಿ, ಮುಗಿಯುವ ಹಂತದಲ್ಲಿದ್ದರೆ ಹೊಸದಕ್ಕೆ ಅರ್ಜಿ ಹಾಕಿ.

ಹಿಂದುಳಿದ ವರ್ಗದವರು ಇನ್ನೊಂದನ್ನು ಗಮನಿಸಬೇಕು. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರ ಕರ್ನಾಟಕದ ಯೋಜನೆಗಳಿಗೆ ಸಾಕು. ಕೇಂದ್ರದ ಯೋಜನೆಗೆ, ಪಿಎಚ್‌ಡಿ ಫೆಲೋಶಿಪ್‌ಗೆ ಬರೆಯುವ ನೆಟ್ ಪರೀಕ್ಷೆಗೆ, ಕೇಂದ್ರೀಯ ವಿಶ್ವವಿದ್ಯಾಲಯದ ಅಡ್ಮಿಷನ್‌ಗೆ ಬೇಕಾಗುವುದು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿಕೊಂಡು ಆಮೇಲೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ ಮಾಡಿಸಿ. ಸಾಮಾನ್ಯ ವರ್ಗದ ಬಡ ಕುಟುಂಬದವರಿಗೆ ಇಡಬ್ಲ್ಯುಎಸ್ ಪ್ರಮಾಣಪತ್ರ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು, ಜಮೀನು ಮತ್ತು ಮನೆಗೂ ಮಿತಿ ಇದೆ. ಅದನ್ನು ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಮಾಡಿಸಬೇಕು.

ಮೂರನೆಯದು ಬ್ಯಾಂಕ್ ಖಾತೆ. ಇಲ್ಲಿ ನನ್ನದೇ ಕಥೆ ಹೇಳುತ್ತೇನೆ. ಎಂ.ಎ. ಮೊದಲ ವರ್ಷ ನನಗೆ ವಿದ್ಯಾರ್ಥಿವೇತನ ಬರಲಿಲ್ಲ. ಅರ್ಜಿ ಹಾಕಿದ್ದೆ, ಪರಿಶೀಲನೆ ಆಗಿತ್ತು, ಮಂಜೂರು ಎಂದೂ ತೋರಿಸುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದು ಪೈಸೆ ಇಲ್ಲ. ತಿಂಗಳುಗಟ್ಟಲೆ ಅಲೆದ ಮೇಲೆ ಗೊತ್ತಾಯಿತು: ನನ್ನ ಆಧಾರ್ ಜೋಡಣೆಯಾಗಿದ್ದು ಹೈಸ್ಕೂಲಿನಲ್ಲಿ ತೆರೆದಿದ್ದ ಹಳೆಯ ಖಾತೆಗೆ. ಅದು ಬಳಕೆಯಿಲ್ಲದೆ ನಿಂತುಹೋಗಿತ್ತು.

ಈ ಹಣ ಬರುವುದು ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಅಲ್ಲ, ನಿಮ್ಮ ಆಧಾರ್‌ಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಜೋಡಣೆಯಾದ ಖಾತೆಗೆ. ಈ ಜೋಡಣೆಗೆ ಸೀಡಿಂಗ್ ಎನ್ನುತ್ತಾರೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಅದು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ ಮಾತ್ರ, ಸೀಡಿಂಗ್ ಅಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಮೊಬೈಲ್ ಒಟಿಪಿ ಕೊಟ್ಟು ಲಾಗಿನ್ ಆದರೆ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಆಯ್ಕೆ ಕಾಣುತ್ತದೆ. ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯೇ ಇಲ್ಲವೇ ಎಂದು ಅಲ್ಲೇ ತೋರಿಸುತ್ತದೆ. ಎರಡು ನಿಮಿಷದ ಕೆಲಸ. ತಪ್ಪು ಬ್ಯಾಂಕ್ ತೋರಿಸಿದರೆ ಬೇಕಾದ ಶಾಖೆಗೆ ಹೋಗಿ "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ" ಎಂದೇ ಹೇಳಿ (ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು), ಅದರ ಫಾರಂ ತುಂಬಿ ಕೊಡಿ. ಒಂದು ವಾರ ಬಿಟ್ಟು ಮತ್ತೆ ಪರಿಶೀಲಿಸಿ.

ಇಷ್ಟರ ಜೊತೆ ಪಡಿತರ ಚೀಟಿ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಟಿಸಿ, ಫೋಟೊ ಇವೆಲ್ಲವನ್ನೂ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲೇ ಇರಲಿ. ಅಣ್ಣನ ನಂಬರ್ ಕೊಟ್ಟಿದ್ದರೆ ಪ್ರತಿ ಒಟಿಪಿಗೂ ಅಣ್ಣನಿಗೆ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.

ಹೆಜ್ಜೆ 3: ಸೀಟು ಆರಿಸುವಾಗಲೇ ಹಣದ ಯೋಚನೆ ಮಾಡಿ

ಎಂಬಿಎ, ಎಂಸಿಎ, ಎಂ.ಟೆಕ್.ಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಫೀಸೂ ಕಡಿಮೆ, ಶುಲ್ಕ ಮರುಪಾವತಿಗೂ ದಾರಿ ಇರುತ್ತದೆ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಹೋದರೆ ಆ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ದೂರಶಿಕ್ಷಣದಲ್ಲಿ ಫೀಸು ಕಡಿಮೆಯೇ. ಆದರೆ ದೊಡ್ಡ ಮೊತ್ತದ ಸ್ಕಾಲರ್‌ಶಿಪ್‌ಗಳು ಪೂರ್ಣಾವಧಿ, ರೆಗ್ಯುಲರ್ ವಿದ್ಯಾರ್ಥಿಗಳಿಗೆ ಮಾತ್ರ.

ಕಲಬುರಗಿ ಬಳಿಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿಗೆ ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕು. ನಮ್ಮ ಮಕ್ಕಳು ಇದರ ಕಡೆ ನೋಡುವುದೇ ಕಡಿಮೆ, ಅದು ನನಗೆ ಬೇಸರದ ಸಂಗತಿ.

ಯುವನಿಧಿ ಬಗ್ಗೆ ಒಂದು ಮಾತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಆ ಯೋಜನೆ ಕೆಲಸ ಸಿಗದವರಿಗೆ. ಮುಂದಕ್ಕೆ ಓದಲು ಸೇರಿದವರಿಗೆ ಅದು ಬರುವುದಿಲ್ಲ. ಅದನ್ನು ಪಿಜಿ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ.

ಹೆಜ್ಜೆ 4: ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ

ಎಸ್‌ಎಸ್‌ಪಿ ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ನಿರ್ದೇಶನಾಲಯ ಹೀಗೆ ಹಲವು ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಇಲ್ಲಿ ಒಂದೇ ಅರ್ಜಿ. ಯಾವ ಇಲಾಖೆಗೆ ಹೋಗಬೇಕು ಎನ್ನುವುದನ್ನು ನಿಮ್ಮ ವಿವರ ನೋಡಿ ತಂತ್ರಾಂಶವೇ ತೀರ್ಮಾನಿಸುತ್ತದೆ.

ಕೆಲಸ ಹೀಗೆ ಸಾಗುತ್ತದೆ. ಆಧಾರ್ ಒಟಿಪಿ ಕೊಟ್ಟು ಖಾತೆ ತೆರೆಯಿರಿ. ಪದವಿಯಲ್ಲೇ ಖಾತೆ ಇದ್ದರೆ ಅದನ್ನೇ ಬಳಸಿ, ಹೊಸದು ಮಾಡಬೇಡಿ. ಆಮೇಲೆ ಇ-ದೃಢೀಕರಣ. ವ್ಯಾಸಂಗ ಪ್ರಮಾಣಪತ್ರ, ಫೀಸು ರಸೀದಿ, ಅಂಕಪಟ್ಟಿಯಂಥ ದಾಖಲೆಗಳನ್ನು ಅಪ್‌ಲೋಡ್ ಮಾಡಿ, ಮೂಲ ಪ್ರತಿಗಳನ್ನು ಹಿಡಿದು ಕಾಲೇಜಿನಲ್ಲಿ ಈ ಕೆಲಸಕ್ಕೆ ನೇಮಿಸಿದ ಅಧಿಕಾರಿಯ ಹತ್ತಿರ ಹೋಗಬೇಕು. ಅವರು ನೋಡಿ ಒಪ್ಪಿದ ಮೇಲೆ ಪ್ರತಿ ದಾಖಲೆಗೂ ಒಂದು ಸಂಖ್ಯೆ ಬರುತ್ತದೆ. ಅರ್ಜಿಯಲ್ಲಿ ಆ ಸಂಖ್ಯೆಗಳನ್ನು ತುಂಬಬೇಕು. ಎಷ್ಟೋ ಜನ ದಾಖಲೆ ಅಪ್‌ಲೋಡ್ ಮಾಡಿ ಮುಗಿಯಿತು ಅಂದುಕೊಂಡು ಸುಮ್ನೆ ಕೂರುತ್ತಾರೆ. ಅಧಿಕಾರಿ ಒಪ್ಪದೆ ಅದು ಮುಂದಕ್ಕೆ ಹೋಗುವುದಿಲ್ಲ.

ಅರ್ಜಿ ಸಲ್ಲಿಸಿದ ಮೇಲೆ ಸ್ವೀಕೃತಿ ಪ್ರತಿ ಇಳಿಸಿಕೊಳ್ಳಿ. ಸೈಬರ್ ಸೆಂಟರಿನಲ್ಲಿ ತುಂಬಿಸಿದರೆ ಪಾಸ್‌ವರ್ಡನ್ನು ನೀವೇ ಬರೆದಿಟ್ಟುಕೊಳ್ಳಿ, ಅಂಗಡಿಯವರ ಮೊಬೈಲ್ ಸಂಖ್ಯೆ ಹಾಕಿಸಬೇಡಿ. ಅರ್ಜಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರದ ಪಾಲಿರುವ ಮೆಟ್ರಿಕ್ ನಂತರದ ಯೋಜನೆಯಲ್ಲಿ ಕುಟುಂಬದ ಆದಾಯ ಮಿತಿ 2.5 ಲಕ್ಷ. ಪರಿಶಿಷ್ಟ ಜಾತಿಯ ಯೋಜನೆಯಲ್ಲಿ ಕೇಂದ್ರ ಶೇ. 60, ರಾಜ್ಯ ಶೇ. 40 ಭರಿಸುತ್ತವೆ. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಅದರಲ್ಲಿ ಕಾಲೇಜಿನ ಫೀಸೂ ಸೇರಿರುತ್ತದೆ. ಬಂದ ತಕ್ಷಣ ಫೀಸಿನ ಭಾಗವನ್ನು ಕಾಲೇಜಿಗೆ ಕಟ್ಟಿ ರಸೀದಿ ತೆಗೆದುಕೊಳ್ಳಿ. ಮನೆಯ ಬೇರೆ ಖರ್ಚಿಗೆ ಅದು ಕರಗಿಹೋದರೆ ಕೊನೆಗೆ ಅಂಕಪಟ್ಟಿ ತಡೆಹಿಡಿಯುವ ಮಾತು ಬರುತ್ತದೆ.

ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ 2021ರಲ್ಲಿ ಶುರುವಾಯಿತು. ಸ್ನಾತಕೋತ್ತರ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ ಎಂದು ಅದನ್ನು ರೂಪಿಸಿದ್ದರು. ಇದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ತೊಡಕಾಗುತ್ತದೆ, ಪೌತಿ ಖಾತೆಯ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ವಿಷಯ ಮನೆಯಲ್ಲಿ ಈಗಲೇ ಎತ್ತಿ. ಗಾರೆ ಕೆಲಸ, ಮರಗೆಲಸ, ಪೇಂಟಿಂಗ್ ಮಾಡುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಅವರ ಮಕ್ಕಳಿಗೂ ಶೈಕ್ಷಣಿಕ ಸಹಾಯಧನ ಇದೆ. ಅಪ್ಪನ ಕಾರ್ಮಿಕ ಕಾರ್ಡ್ ನವೀಕರಣ ಆಗಿದೆಯೇ ಎಂದು ಕೇಳಿ.

ಹೆಜ್ಜೆ 5: ಎನ್‌ಎಸ್‌ಪಿಯನ್ನು ಮರೆಯಬೇಡಿ

ಎಸ್‌ಎಸ್‌ಪಿ ರಾಜ್ಯದ್ದು, ಎನ್‌ಎಸ್‌ಪಿ (ರಾಷ್ಟ್ರೀಯ ವಿದ್ಯಾರ್ಥಿವೇತನ ತಂತ್ರಾಂಶ) ಕೇಂದ್ರದ್ದು. ನಮ್ಮಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದರಲ್ಲಿ ಪಿಜಿಯವರಿಗೆ ಒಂದು ದೊಡ್ಡ ಅವಕಾಶ ಇದೆ, ಅದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಅದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನ. ದೇಶದಾದ್ಯಂತ ವರ್ಷಕ್ಕೆ 10,000 ಜನರಿಗೆ, ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು, ಎರಡು ವರ್ಷ. ಒಟ್ಟು 3 ಲಕ್ಷ! ಪಿಜಿ ಮೊದಲ ವರ್ಷದಲ್ಲಿರಬೇಕು, ವಯಸ್ಸು 30 ದಾಟಿರಬಾರದು, ರೆಗ್ಯುಲರ್ ಓದಾಗಿರಬೇಕು. ಆಯ್ಕೆ ಪದವಿಯ ಅಂಕದ ಮೇಲೆ. ಶೇ. 30ರಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಮೊದಲ ವರ್ಷ ಅರ್ಜಿ ಹಾಕದಿದ್ದರೆ ಎರಡನೇ ವರ್ಷ ಹಾಕಲು ಬರುವುದಿಲ್ಲ. ಪದವಿಯಲ್ಲಿ ಒಳ್ಳೆಯ ಅಂಕ ಇದ್ದವರು ಇದಕ್ಕೆ ಅರ್ಜಿ ಹಾಕದೆ ಬಿಡಲೇಬಾರದು.

ಪಿಯುಸಿ ಅಂಕದ ಮೇಲೆ ಪದವಿಯಲ್ಲೇ ಕೇಂದ್ರ ವಲಯದ ವಿದ್ಯಾರ್ಥಿವೇತನ ಪಡೆಯುತ್ತಿದ್ದವರಿಗೆ ಅದು ಪಿಜಿಯಲ್ಲಿ ವರ್ಷಕ್ಕೆ 20,000 ರೂಪಾಯಿ ಆಗುತ್ತದೆ. ಕುಟುಂಬದ ಆದಾಯ 4.5 ಲಕ್ಷದ ಒಳಗಿರಬೇಕು, ಪ್ರತಿ ವರ್ಷ ನವೀಕರಿಸಬೇಕು, ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಬೇಕು.

ಎನ್‌ಎಸ್‌ಪಿಯಲ್ಲಿ ಮೊದಲು ಒಂದು ಸಲದ ನೋಂದಣಿ ಮಾಡಬೇಕು, ಅದಕ್ಕೆ ಮೊಬೈಲ್ ಆ್ಯಪಿನಲ್ಲಿ ಮುಖ ತೋರಿಸಿ ದೃಢೀಕರಿಸುವ ಹಂತ ಇದೆ. ಅರ್ಜಿ ಸಲ್ಲಿಸಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಬೇಕು. ಆ ಅಧಿಕಾರಿ ಯಾರು ಎಂದು ಮೊದಲೇ ತಿಳಿದುಕೊಳ್ಳಿ, ಪರಿಶೀಲನೆಯ ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಹೋಗಿ ನೆನಪಿಸಿ. ನಿಮ್ಮ ಅರ್ಜಿ ಸರಿ ಇದ್ದರೂ ಕಾಲೇಜು ಪರಿಶೀಲಿಸದೆ ಬಿಟ್ಟರೆ ಅದು ಅಲ್ಲೇ ನಿಲ್ಲುತ್ತದೆ.

ಒಂದೇ ಓದಿಗೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಕೊಡುವುದಿಲ್ಲ. ಎರಡು ಮಂಜೂರಾದರೆ ಯಾವುದು ಜಾಸ್ತಿಯೋ ಅದನ್ನು ಉಳಿಸಿಕೊಂಡು ಇನ್ನೊಂದನ್ನು ಬರೆದುಕೊಟ್ಟು ಬಿಡಿ. ಮುಚ್ಚಿಟ್ಟರೆ ವಾಪಸ್ ಕಟ್ಟಿಸಿಕೊಳ್ಳುತ್ತಾರೆ.

ಹೆಜ್ಜೆ 6: ಹಾಸ್ಟೆಲ್ ಸೀಟು ಹಿಡಿಯಿರಿ

ಹಾಸ್ಟೆಲ್ ಸೀಟನ್ನು ಯಾರೂ ಸ್ಕಾಲರ್‌ಶಿಪ್ ಎಂದು ಕರೆಯುವುದಿಲ್ಲ. ಆದರೆ ಬೆಂಗಳೂರು, ಮೈಸೂರು, ಧಾರವಾಡದಲ್ಲಿ ರೂಮು ಮಾಡಿ ಊಟಕ್ಕೆ ಖರ್ಚು ಮಾಡಿದವರಿಗೆ ಗೊತ್ತು, ವಿದ್ಯಾರ್ಥಿವೇತನಕ್ಕಿಂತ ಹೆಚ್ಚು ಹಣ ಉಳಿಯುವುದು ಇಲ್ಲೇ. ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಅಲ್ಪಸಂಖ್ಯಾತರ ಹಾಸ್ಟೆಲ್‌ಗಳಿಗೆ ರಾಜ್ಯ ಹಾಸ್ಟೆಲ್ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಅಡ್ಮಿಷನ್ ಆದ ವಾರದಲ್ಲೇ ಹಾಕಿ. ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲ್‌ಗೆ ಬೇರೆ ಅರ್ಜಿ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಊಟ, ವಸತಿ ಸಹಾಯ ಎಂದು ಶುರುವಾದ ಯೋಜನೆ ಅದು. ಅರ್ಜಿ ಎಸ್‌ಎಸ್‌ಪಿಯಲ್ಲೇ. ಮಠಗಳು, ಸಮುದಾಯದ ಸಂಘಗಳು ನಡೆಸುವ ವಿದ್ಯಾರ್ಥಿ ನಿಲಯಗಳೂ ಈ ಊರುಗಳಲ್ಲಿ ಇವೆ. ಅವುಗಳ ಅರ್ಜಿ ಆನ್‌ಲೈನಿನಲ್ಲಿ ಕಾಣುವುದು ಕಡಿಮೆ, ಹೋಗಿಯೇ ಕೇಳಬೇಕು.

ಇನ್ನು ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಪಿಜಿ ಕೇಂದ್ರ ಇದ್ದರೆ ಹಾಸ್ಟೆಲ್ ಇಲ್ಲದೆಯೂ ಓದಬಹುದು.

ಹೆಜ್ಜೆ 7: ಎಂ.ಟೆಕ್. ಓದುವವರು ಗೇಟ್ ಬರೆಯಿರಿ

ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಐಸಿಟಿಇ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತು) ಮಾನ್ಯತೆ ಇರುವ ಕಾಲೇಜಿಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ. 24 ತಿಂಗಳಿಗೆ 2,97,600 ಆಗುತ್ತದೆ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ. ಪಿಜಿಸಿಇಟಿಯಿಂದ ಮಾತ್ರ ಸೇರಿದವರಿಗೆ ಈ ಹಣ ಇಲ್ಲ. ಅಡ್ಮಿಷನ್ ಆದ ಮೇಲೆ ನಿಮ್ಮ ಗುರುತಿನ ಸಂಖ್ಯೆಯನ್ನು ಕಾಲೇಜು ಎಐಸಿಟಿಇ ತಂತ್ರಾಂಶದಲ್ಲಿ ಸೃಷ್ಟಿಸಬೇಕು. ಅದನ್ನು ಬೆನ್ನು ಹತ್ತಿ ಮಾಡಿಸಿಕೊಳ್ಳಿ.

ಹೆಜ್ಜೆ 8: ಪಿಎಚ್‌ಡಿಗೆ ಫೆಲೋಶಿಪ್ ಹುಡುಕಿ

ಇಲ್ಲಿಂದ ಮುಂದೆ ಲೆಕ್ಕವೇ ಬೇರೆ. ಪಿಎಚ್‌ಡಿಗೆ ಕೈಯಿಂದ ಹಣ ಹಾಕಿ ಓದುವ ಮೊದಲು ಎರಡು ಸಲ ಯೋಚಿಸಿ. ಐದು ವರ್ಷದ ಕೆಲಸಕ್ಕೆ ಸಂಬಳದಂಥ ಫೆಲೋಶಿಪ್ ಇರಬೇಕು.

ಎಲ್ಲಕ್ಕಿಂತ ದೊಡ್ಡ ದಾರಿ ಜೆಆರ್‌ಎಫ್, ಅಂದರೆ ನೆಟ್ ಪರೀಕ್ಷೆಯ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್. ಕಲೆ, ವಾಣಿಜ್ಯ, ಭಾಷೆಗಳಿಗೆ ಯುಜಿಸಿ-ನೆಟ್, ವಿಜ್ಞಾನಕ್ಕೆ ಸಿಎಸ್‌ಐಆರ್-ನೆಟ್. 2023ರ ಜನವರಿ 1ರಿಂದ ಜಾರಿಯಾದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಪ್ರಗತಿ ನೋಡಿ 42,000 ರೂಪಾಯಿ. ಐದು ವರ್ಷ ಪೂರ್ತಿ ಪಡೆದರೆ 24 ಲಕ್ಷ. ಹಾಸ್ಟೆಲ್ ಸಿಗದವರಿಗೆ ಊರಿನ ದರ್ಜೆಗೆ ತಕ್ಕ ಮನೆಬಾಡಿಗೆ ಭತ್ಯೆ ಬೇರೆ. ಈ ಮೊತ್ತವನ್ನು ಅಪ್ಪ ಅಮ್ಮನಿಗೆ ಒಮ್ಮೆ ಹೇಳಿ ನೋಡಿ. ಓದು ಕೂಡ ಒಂದು ಕೆಲಸ ಎಂದು ಅವರಿಗೆ ಅರ್ಥವಾಗುತ್ತದೆ.

ಎಂ.ಎ. ಎರಡನೇ ವರ್ಷದಲ್ಲಿ ಇರುವಾಗಲೇ ನೆಟ್ ಬರೆಯಬಹುದು. ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲಾತಿ ವರ್ಗದವರಿಗೆ ಶೇ. 50. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ ಇದೆ. ಯುಜಿಸಿ-ನೆಟ್‌ನಲ್ಲಿ ಮೂರು ಗಂಟೆಯಲ್ಲಿ 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾಗುವುದು ಮೊದಲ ಪತ್ರಿಕೆ. 50 ಪ್ರಶ್ನೆ, 100 ಅಂಕ, ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ತರ್ಕ, ಅಂಕಿಅಂಶ, ಬೋಧನೆ, ಸಂಶೋಧನೆಯ ಸಾಮಾನ್ಯ ಪ್ರಶ್ನೆಗಳು. ಕನ್ನಡ ಸಾಹಿತ್ಯವನ್ನು ಅರೆದು ಕುಡಿದವರೂ ಇಲ್ಲಿ ಎಡವಿ ಜೆಆರ್‌ಎಫ್ ಕಳೆದುಕೊಂಡಿದ್ದನ್ನು ಕಂಡು ನನಗೆ ಹೊಟ್ಟೆ ಉರಿದಿದೆ. ಎಂ.ಎ. ಮೊದಲ ವರ್ಷದಿಂದಲೇ ದಿನಕ್ಕೆ ಅರ್ಧ ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಇಂಗ್ಲಿಷ್ ವಾಕ್ಯವನ್ನು ಬೇಗ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಆದರೆ ಅರ್ಧ ಗೆದ್ದಂತೆ.

ರಾಜ್ಯಮಟ್ಟದ ಕೆ-ಸೆಟ್ ಪರೀಕ್ಷೆ ಪಾಸಾದರೆ ಫೆಲೋಶಿಪ್ ಬರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಬರುವುದಿಲ್ಲ. ಅದು ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಮಾತ್ರ.

2024ರ ಜೂನ್ ನೆಟ್‌ನಿಂದ ಫಲಿತಾಂಶವನ್ನು ಮೂರು ವಿಭಾಗದಲ್ಲಿ ಕೊಡುತ್ತಿದ್ದಾರೆ: ಜೆಆರ್‌ಎಫ್, ಸಹಾಯಕ ಪ್ರಾಧ್ಯಾಪಕ ಅರ್ಹತೆ ಜೊತೆ ಪಿಎಚ್‌ಡಿ ಪ್ರವೇಶ, ಪಿಎಚ್‌ಡಿ ಪ್ರವೇಶ ಮಾತ್ರ. ಎರಡನೇ, ಮೂರನೇ ವಿಭಾಗದ ಅಂಕ ಒಂದು ವರ್ಷ ನಡೆಯುತ್ತದೆ. ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ.

ಜೆಆರ್‌ಎಫ್ ತಪ್ಪಿತೇ? ರಾಷ್ಟ್ರೀಯ ಫೆಲೋಶಿಪ್ ವರ್ಷಕ್ಕೆ ಪರಿಶಿಷ್ಟ ಜಾತಿಯ 2,000 ಜನರಿಗೆ, ಒಬಿಸಿಯ 1,000 ಜನರಿಗೆ, ಪರಿಶಿಷ್ಟ ಪಂಗಡದ 750 ಜನರಿಗೆ ಸಿಗುತ್ತದೆ. ಮನೆಗೆ ಒಬ್ಬಳೇ ಮಗಳಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರು ಇನ್‌ಸ್ಪೈರ್ ಫೆಲೋಶಿಪ್ ನೋಡಬೇಕು. ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನೆಯ ರಾಷ್ಟ್ರೀಯ ಪರಿಷತ್ತು) ಫೆಲೋಶಿಪ್ ಇದೆ, ಬೆಂಗಳೂರಿನ ನಾಗರಬಾವಿಯ ಐಸೆಕ್ ಸಂಸ್ಥೆಯಲ್ಲಿ ಓದುವವರಿಗೂ ಅದು ದಾರಿ. ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ನಿರ್ದೇಶನಾಲಯ ಪೂರ್ಣಾವಧಿ ಪಿಎಚ್‌ಡಿಗೆ ಪ್ರತ್ಯೇಕ ಅರ್ಜಿ ಕರೆಯುತ್ತವೆ. ವಿಜ್ಞಾನದವರಿಗೆ ರಾಜ್ಯ ಸರ್ಕಾರದ ಕೆಸ್ಟೆಪ್ಸ್ ಸಂಸ್ಥೆ ಕೊಡುವ ಫೆಲೋಶಿಪ್ ಇದೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಇಲ್ಲದೆ ಸೇರಿದವರಿಗೆ ತಿಂಗಳಿಗೆ 8,000 ರೂಪಾಯಿಯ ನಾನ್-ನೆಟ್ ಫೆಲೋಶಿಪ್ ಉಂಟು. ಕಡಿಮೆಯೇ, ಆದರೆ ಮೆಸ್ ಬಿಲ್ಲು ಕಟ್ಟಬಹುದು.

ಬಿ.ಎಸ್ಸಿ. ಮುಗಿಸುತ್ತಿರುವವರು ಜ್ಯಾಮ್ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿ ಅಥವಾ ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಪ್ರಯತ್ನಿಸಿ. ಅಲ್ಲಿ ಎಂ.ಎಸ್ಸಿ. ಹಂತದಿಂದಲೇ ಸ್ಟೈಪೆಂಡ್ ಕೊಡುತ್ತಾರೆ.

ಫೆಲೋಶಿಪ್ ಸಿಕ್ಕ ಮೇಲೂ ಒಂದು ಕೆಲಸ ಉಳಿಯುತ್ತದೆ. ಯುಜಿಸಿ ಜೆಆರ್‌ಎಫ್ ಹಣ ಕೆನರಾ ಬ್ಯಾಂಕಿನ ತಂತ್ರಾಂಶದ ಮೂಲಕ ಬರುತ್ತದೆ. ನೀವು ಆ ತಿಂಗಳು ಕೆಲಸ ಮಾಡಿದ್ದೀರಿ ಎಂದು ವಿಶ್ವವಿದ್ಯಾಲಯ ಪ್ರತಿ ತಿಂಗಳು ಅದರಲ್ಲಿ ದೃಢೀಕರಿಸಬೇಕು. ತಿಂಗಳ ಕೊನೆಗೆ ವಿಭಾಗದ ಕಚೇರಿಗೆ ಹೋಗಿ ಆಗಿದೆಯೇ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 9: ಇಷ್ಟಾದರೂ ಸಾಲದಿದ್ದರೆ ಸಾಲ

ಸಾಲ ಕೊನೆಗೆ. ಆದರೂ ಮನೆಯ ಚಿನ್ನ ಅಡವಿಟ್ಟು ಅಥವಾ ಊರಿನಲ್ಲಿ ಬಡ್ಡಿಗೆ ತಂದು ಫೀಸು ಕಟ್ಟುವುದಕ್ಕಿಂತ ಶಿಕ್ಷಣ ಸಾಲ ಎಷ್ಟೋ ಮೇಲು.

ಮೊದಲು ನಿಗಮಗಳನ್ನು ಕೇಳಿ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಯೋಜನೆಯಲ್ಲಿ ಶೇ. 2ರ ಬಡ್ಡಿಗೆ ಶಿಕ್ಷಣ ಸಾಲ ಕೊಡುತ್ತಾರೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲೂ ಅರಿವು ಹೆಸರಿನದೇ ಸಾಲ ಇದೆ. ಯಾವ ಕೋರ್ಸುಗಳಿಗೆ ಎಂಬ ಪಟ್ಟಿಯನ್ನು ಜಿಲ್ಲಾ ಕಚೇರಿಯಲ್ಲಿ ನೋಡಿ.

ಬ್ಯಾಂಕಿನಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಒತ್ತೆ ಬೇಡ, ನಿಮ್ಮ ಪಾಲಿನ ಹಣವನ್ನೂ ಕೇಳುವುದಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಬೇಕು. ಸರ್ಕಾರದ ಖಾತರಿ ಯೋಜನೆಯ ಅಡಿ 7.5 ಲಕ್ಷದವರೆಗೂ ಒತ್ತೆಯಿಲ್ಲದೆ ಕೊಡಲು ಅವಕಾಶ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಒತ್ತೆಯೂ ಬೇಡ, ಜಾಮೀನೂ ಬೇಡ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗಿನ ಅವಧಿಯಲ್ಲಿ ಶೇ. 3ರಷ್ಟು ಬಡ್ಡಿ ರಿಯಾಯಿತಿ ಸಿಗಬಹುದು. ಇದು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದೆಯೇ ಎಂದು ಸೀಟು ಒಪ್ಪಿಕೊಳ್ಳುವ ಮೊದಲೇ ನೋಡಿ.

ಈಗ ಬಡ್ಡಿಯ ಲೆಕ್ಕ. ಎರಡು ವರ್ಷದ ಓದಿಗೆ 6 ಲಕ್ಷ ಸಾಲ, ಬಡ್ಡಿ ಶೇ. 10 ಎಂದುಕೊಳ್ಳೋಣ. ಮೊದಲ ವರ್ಷ 3 ಲಕ್ಷ, ಎರಡನೇ ವರ್ಷ 3 ಲಕ್ಷ ಕೊಡುತ್ತಾರೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಿರುತ್ತದೆ. ಮೊದಲ 3 ಲಕ್ಷಕ್ಕೆ ಮೂರು ವರ್ಷದ 90,000, ಎರಡನೆಯದಕ್ಕೆ ಎರಡು ವರ್ಷದ 60,000. ಕಂತು ಶುರುವಾಗುವ ದಿನ ಸಾಲ 7.5 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 9,900. ಓದುವಾಗಲೇ ಬಡ್ಡಿಯನ್ನು ಕಟ್ಟುತ್ತಾ ಬಂದರೆ 6 ಲಕ್ಷಕ್ಕೆ ಕಂತು ಸುಮಾರು 7,930 ಆಗುತ್ತದೆ. ಮೊದಲ ವರ್ಷ ಬಡ್ಡಿ ತಿಂಗಳಿಗೆ 2,500. ಮನೆಯವರು ಅಷ್ಟನ್ನು ಕಟ್ಟಲು ಆದರೆ ದಯವಿಟ್ಟು ಕಟ್ಟಿ.

ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ ಸೆಕ್ಷನ್ 80ಇ ಅಡಿ ಎಂಟು ವರ್ಷ ಕಡಿತ ಸಿಗುತ್ತದೆ.

ಶಾಖೆಯಲ್ಲಿ "ಆಗಲ್ಲ ಹೋಗಿ" ಅಂದರೆ ವಾಪಸ್ ಬರಬೇಡಿ. ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ಕೊಡದಿದ್ದರೆ ಅದೇ ಬ್ಯಾಂಕಿನ ಮೇಲಿನ ಕಚೇರಿಗೆ ದೂರು ಕೊಡಿ, ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಅವರನ್ನು ಭೇಟಿ ಮಾಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ಹಣ ಇಲ್ಲ.

ವಿದೇಶಕ್ಕೆ ಹೋಗುವವರಿಗೆ

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಸೀಟು, ಆದಾಯ 8 ಲಕ್ಷದ ಒಳಗೆ, ವಯಸ್ಸು 35ರ ಒಳಗೆ. ವಿಶ್ವವಿದ್ಯಾಲಯ ಜಗತ್ತಿನ ವಿಶ್ವವಿದ್ಯಾಲಯಗಳ ಕ್ಯೂಎಸ್ ರ‍್ಯಾಂಕ್ ಪಟ್ಟಿಯ ಮೊದಲ 500ರಲ್ಲಿ ಇರಬೇಕು. ಕರ್ನಾಟಕದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ. ಯಾವ ಜಾತಿಯವರಾದರೂ ಕೇಳಬಹುದಾದದ್ದು ಜೆ.ಎನ್. ಟಾಟಾ ಎಂಡೋಮೆಂಟ್. 1892ರಲ್ಲಿ ಶುರುವಾದ ಇದು ಸಾಲ ರೂಪದ ವಿದ್ಯಾರ್ಥಿವೇತನ. ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಓದಲು ಹೋದದ್ದು ಟಾಟಾ ವಿದ್ಯಾರ್ಥಿವೇತನದ ನೆರವಿನಿಂದಲೇ.

ಅರ್ಜಿ ಹಾಕಿದ ಮೇಲೆ

ಹದಿನೈದು ದಿನಕ್ಕೊಮ್ಮೆ ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡರಲ್ಲೂ ಅರ್ಜಿಯ ಸ್ಥಿತಿ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. "ಕಾಲೇಜಿನಲ್ಲಿ ಬಾಕಿ" ಎಂದಿದ್ದರೆ ನೋಡಲ್ ಅಧಿಕಾರಿ. "ಇಲಾಖೆಯಲ್ಲಿ ಬಾಕಿ" ಎಂದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಲ್ಯಾಣಾಧಿಕಾರಿ ಕಚೇರಿ. ಮಂಜೂರಾಗಿ ಹಣ ಬಂದಿಲ್ಲ ಎಂದರೆ ಮತ್ತೆ ಆಧಾರ್ ಸೀಡಿಂಗ್ ನೋಡಿ, ಜೋಡಣೆಯಾದ ಖಾತೆ ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ದಾಖಲೆ ಸರಿಯಿಲ್ಲ ಎಂದು ವಾಪಸ್ ಕಳಿಸಿದ್ದರೆ ತಿದ್ದಿ ಮತ್ತೆ ಸಲ್ಲಿಸಲು ಸಿಗುವುದು ಕೆಲವೇ ದಿನ.

ಎರಡನೇ ವರ್ಷಕ್ಕೆ ಎಲ್ಲ ತಾನಾಗಿಯೇ ಮುಂದುವರಿಯುವುದಿಲ್ಲ. ನವೀಕರಣದ ಅರ್ಜಿ ಬೇರೆ ಹಾಕಬೇಕು, ಅದಕ್ಕೆ ಮೊದಲ ವರ್ಷದ ಅಂಕಪಟ್ಟಿ, ಹೊಸ ಫೀಸು ರಸೀದಿ ಬೇಕು. ಎರಡನೇ ಸೆಮಿಸ್ಟರ್ ಫಲಿತಾಂಶ ಬಂದ ದಿನವೇ ಅಂಕಪಟ್ಟಿಯನ್ನು ಇಳಿಸಿಕೊಂಡು ಮೊಬೈಲಿನ ಅದೇ ಫೋಲ್ಡರಿಗೆ ಹಾಕಿಡಿ.